ಕೂಡಿಸಿದ ಒಂದು ಗಂಟೆ

ಕಾಡುಬೆಳ್ಳುಳ್ಳಿಯ ಘಾಟು, ಮತ್ತೆ ತುಳಿದರು ಇವರು, ದಾರಿಯ ಎರಡೂ ಬದಿಗೆ ಬಿಳಿ ಹೂ ಬಿಟ್ಟು ನಿಂತಿದೆ, ನೋಡಿ ಕಾಲಿಡಿ ಹ್ಯಾರಪ್ ಅವರೇ, ಜಾರುತ್ತೆ ಅಂದೆ, ಅವರು ಪಕ್ಕಕ್ಕೆ ಸರಿಯಲು ಹೋಗಿ ಇನ್ನಷ್ಟು ತುಳಿದರು, ದೊಡ್ಡ ಪಾದ, ಇಪ್ಪತ್ತೆಂಟು ವರ್ಷ ಲೆಸ್ಟರಿನಲ್ಲಿ ಸಿಟಿ ಬಸ್ಸು ಓಡಿಸಿದ ಪಾದ, ಬೆಳಿಗ್ಗೆಯೇ ಹೇಳಿದರು, ಹೋದ ವರ್ಷ ಏಪ್ರಿಲ್‌ನಲ್ಲಿ ನಿಮ್ಮ ಕರ್ರೆಗ್ ನಡುಗಡ್ಡೆಯ ದಾರಿಯಲ್ಲಿ ಮುಳುಗಿ ಸತ್ತ ಹುಡುಗನ ತಂದೆ ನಾನು, ಕ್ಲೈವ್ ಹ್ಯಾರಪ್ ಅಂತ, ಯಾರೋ ವಿಳಾಸ ಕೇಳಿದವರಿಗೆ ಹೇಳುವಂಥ ದನಿಯಲ್ಲಿ. ನಾನು ಟೀ ಗೂಡಿನ ಬಾಗಿಲು ತೆಗೆದು ಕೆಟಲ್ ಇಟ್ಟಿದ್ದೆ ಅಷ್ಟೆ. ಹೊರಗೆ ಹಲಗೆ ಬರೆಯೋರು ನೀವೇನಾ. ನಾನೇ. ಕೈ ಕಪ್ಪು ಒರೆಸುತ್ತಲೇ ಇತ್ತು. ಹಾಗಾದ್ರೆ ನೀವೇ ಬನ್ನಿ ನನ್ನ ಜೊತೆ, ಅವನು ಏನೇನು ನೋಡಿದನೋ ಅದೇ ಸಾಲಿನಲ್ಲಿ ನೋಡ್ಬೇಕು ನಾನು, ಫೋಟೋ ಕಳಿಸಿದ್ದ, ಎಲ್ಲ ಇದೆ ಇದ್ರಲ್ಲಿ ಅಂದು ಫೋನ್ ಚಾಚಿದರು. ಒಲ್ಲೆ ಅನ್ನಲು ಕಾರಣ ಬೇಕು, ಕಾರಣ ಒಂದೇ ಇದೆ, ಅದನ್ನು ಹದಿಮೂರು ತಿಂಗಳಿಂದ ಯಾರಿಗೂ ಹೇಳಿಲ್ಲ. ಬರ್ತೀನಿ ಅಂದೆ. ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡೇ ಕೋಟು ಹಾಕಿಕೊಂಡೆ, ಜಲಪಾತದ ಹತ್ತಿರ ಹೇಳುತ್ತೇನೆ, ಅಲ್ಲಿ ಯಾರೂ ಇರುವುದಿಲ್ಲ.

ಜಲಪಾತದ ಹತ್ತಿರ ಹೇಳಲಾಗಲಿಲ್ಲ, ಇಲ್ಲಿ ಸದ್ದು ಜಾಸ್ತಿ, ಅಂಥ ಮಾತನ್ನು ಕಿರುಚಿ ಹೇಳಲಾಗುತ್ತದೆಯೇ. ಇವರು ಫೋನನ್ನು ಮುಖದ ಮುಂದೆ ಹಿಡಿದು ಒಂದು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ, ಮಗ ನಿಂತ ಕಲ್ಲನ್ನು ಹುಡುಕುತ್ತಿದ್ದಾರೆ, ಇದೇ ಕಲ್ಲು ಇರ್ಬೇಕು ಅಲ್ವೇನ್ರೀ, ಆವತ್ತು ನೀರು ಜಾಸ್ತಿ ಇತ್ತು, ನೋಡಿ. ಹೌದು, ಜಾಸ್ತಿ ಇತ್ತು, ಭಾನುವಾರ ಸೋಮವಾರ ಮಂಗಳವಾರ ಮೂರು ದಿನ ಎಡೆಬಿಡದೆ ಸುರಿದಿತ್ತು, ಆ ಮೂರು ದಿನ ಬಿಸಿಲಿದ್ದಿದ್ದರೆ ಯಾರಾದರೂ ಊರವರು ನನ್ನ ಹಲಗೆ ನೋಡಿ, ಏನೇ ನೆಸ್ಟಾ, ತಲೆ ನೆಟ್ಟಗಿದೆಯಾ ನಿಂಗೆ, ಅನ್ನುತ್ತಿದ್ದರೇನೋ — ಇಲ್ಲ, ಅನ್ನುತ್ತಿರಲಿಲ್ಲ, ಊರವರು ಹಲಗೆ ನೋಡುವುದಿಲ್ಲ, ನೀರು ನೋಡುತ್ತಾರೆ. ಹಲಗೆ ಇರುವುದು ಹೊರಗಿನಿಂದ ಬಂದವರಿಗೆ. ಕರ್ರೆಗ್‌ಗೆ ಕಲ್ಲುದಾರಿಯಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ದಾಟಬಹುದು, ಆಮೇಲೆ ದಾರಿ ಮುಳುಗುತ್ತದೆ, ಅಷ್ಟೇ ಬರೆಯುವುದು. ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ. ಈ ಊರಲ್ಲಿ ಕೆಲಸವೇ ಹೆಸರು, ಅಂಚೆ ಡಿಲಿಸ್, ಹಾಲಿನ ಗೆಥಿನ್, ನಾನು ಹಲಗೆ ನೆಸ್ಟಾ, ಗೋರಿಗಲ್ಲಿನ ಮೇಲೂ ಹಾಗೇ ಕೆತ್ತುತ್ತಾರೆ ಅಂತ ನನ್ನ ಅಣ್ಣ ಇದ್ವಾಲ್ ಛೇಡಿಸುತ್ತಿದ್ದ, ಈಗ ಛೇಡಿಸುವುದಿಲ್ಲ.

ಮೂವತ್ತು ವರ್ಷ ಬಂದರಿನ ಹಗ್ಗದಂಗಡಿಯವರ ಹಳದಿ ಪುಸ್ತಕವೇ ನನ್ನ ಆಧಾರ, ಉಬ್ಬರ ಇಳಿತದ ಹೊತ್ತೆಲ್ಲ ಅದರಲ್ಲಿ ಚಳಿಗಾಲದ ಗಂಟೆಯ ಲೆಕ್ಕದಲ್ಲಿ, ಮಾರ್ಚ್ ಕೊನೆಯ ಭಾನುವಾರ ಬೇಸಿಗೆಯ ಲೆಕ್ಕಕ್ಕೆ ದೇಶವೆಲ್ಲ ಗಡಿಯಾರ ಒಂದು ಗಂಟೆ ಮುಂದಿಡುತ್ತದಲ್ಲ, ಅಂದಿನಿಂದ ಅಕ್ಟೋಬರಿನವರೆಗೆ ನಾನೂ ಒಂದು ಕೂಡಿಸಿ ಬರೆಯಬೇಕು, ಯೋಚಿಸುವುದೇ ಬೇಡ, ಕೈಯೇ ಕೂಡಿಸುತ್ತದೆ. ಹಗ್ಗದಂಗಡಿ ಮುಚ್ಚಿತು. ಎಲ್ಲಿಂದಲೋ ನೀಲಿ ಪುಸ್ತಕ ತರಿಸಿದೆ. ಎರಡನೇ ಪುಟದಲ್ಲಿ ಇರುವೆಯಷ್ಟು ಸಣ್ಣ ಅಕ್ಷರ, ಬೇಸಿಗೆಯ ಗಂಟೆಯನ್ನು ಈಗಾಗಲೇ ಸೇರಿಸಲಾಗಿದೆ. ಉಬ್ಬರದ ಪುಸ್ತಕದ ಎರಡನೇ ಪುಟ ಯಾರು ಓದುತ್ತಾರೆ. ಜನವರಿ ಸರಿ, ಫೆಬ್ರವರಿ ಸರಿ, ಮಾರ್ಚ್ ಸರಿ, ಗಡಿಯಾರ ಮುಂದಕ್ಕೆ ಹೋಯಿತು, ಕೈ ಕೂಡಿಸಿತು. ಬುಧವಾರ ಬಿಸಿಲು ಬಂತು. ಹತ್ತು ಐದರಿಂದ ಮೂರು ಐದರವರೆಗೆ ಅಂತ ಬರೆಯಬೇಕಿದ್ದ ಕಡೆ ಹನ್ನೊಂದು ಐದರಿಂದ ನಾಲ್ಕು ಐದರವರೆಗೆ ಅಂತ ಬರೆದೆ, ದುಂಡಗೆ, ಅಂದವಾಗಿ, ಹಿಂದೆ ಸರಿದು ನಿಂತು ಎರಡು ಸಲ ಓದಿ ನೋಡಿ ಒಳಗೆ ಹೋದೆ. ಎಂಥ ಸಮಾಧಾನ ಅವತ್ತು.

ಇಗರ್ಜಿಯ ಓಣಿ, ಕುರಿಗಳು ಅಡ್ಡ ನಿಂತಿವೆ, ಅವನ ಫೋಟೋದಲ್ಲೂ ಕುರಿಗಳು ಅಡ್ಡ ನಿಂತಿದ್ದವು, ಇವರು ಫೋಟೋ ತೋರಿಸಿ ನಕ್ಕರು, ಇವೇ ಇರ್ಬೇಕು ರೀ, ಒಂದು ವರ್ಷದಿಂದ ದಾರೀನೇ ಬಿಟ್ಟಿಲ್ಲ. ನಾನೂ ನಕ್ಕೆ. ನಗಲಾಯಿತು ನನಗೆ, ನಾಚಿಕೆಯಾಯಿತು. ಜೋಯಲ್‌ಗೆ ಇಪ್ಪತ್ತಾರು ರೀ, ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡ್ತಿದ್ದ, ಊರಿನ ಮುದುಕರಿಗೆಲ್ಲ ಗೋಡೆ ಮೇಲಿನ ಅಕ್ಷರ ಓದಿಸ್ತಿದ್ದವನು, ಅವನೇ ಹಲಗೆ ತಪ್ಪಾಗಿ ಓದಿದ ಅಂತ ತೀರ್ಪು ಕೊಟ್ರು ನೋಡಿ. ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ಹೇಳಿಬಿಡುತ್ತಿದ್ದೆನೇನೋ, ಸಿಟ್ಟಿಗೆ ಉತ್ತರ ಕೊಡುವುದು ಸುಲಭ. ವಿಚಾರಣೆಯ ಕೋಣೆಯಲ್ಲಿ ಇವರನ್ನು ನಾನು ನೋಡಲಿಲ್ಲ, ತಲೆ ಎತ್ತಿದ್ದರೆ ತಾನೇ ನೋಡುವುದು, ಎದುರಿನ ಅಧಿಕಾರಿ ಕಾಗದ ಮಗುಚುತ್ತ, ಅಂದು ದಾಟಲು ಕೊನೆಯ ಹೊತ್ತು ಮೂರು ಐದು, ಹಾಗೆಯೇ ಬರೆದಿದ್ದಿರಿ, ಅಲ್ಲವೇ. ಪ್ರಶ್ನೆಯಲ್ಲೇ ಉತ್ತರ ಬಡಿಸಿಟ್ಟಿದ್ದರು. ಹೌದು ಅಂದೆ. ಬೈಬಲ್ ಮುಟ್ಟಿದ ಕೈ ಇನ್ನೂ ಮೇಜಿನ ಮೇಲೆಯೇ ಇತ್ತು. ಹೊರಗೆ ಬಂದಾಗ ಅಂಚೆ ಡಿಲಿಸ್ ನನ್ನ ಬೆನ್ನು ಸವರಿ, ಬರೆದದ್ದು ಓದೋಕೆ ಬರಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ, ನೀನ್ಯಾಕೆ ಸೊರಗ್ತೀಯಾ ಅಂದಳು. ಒಳ್ಳೆಯವಳು. ನನ್ನನ್ನು ಕಾಪಾಡಲು ಸತ್ತ ಹುಡುಗನನ್ನು ಹಳಿದಳು, ಇಡೀ ಊರು ಹಳಿಯಿತು, ನಾನು ಬ್ರೆಡ್ಡು ಕೊಯ್ದು ಎಲ್ಲರಿಗೂ ಟೀ ಕೊಟ್ಟೆ.

ಗೂಡಿನಲ್ಲಿ ಒಂದು ತುಂಡು ದ್ರಾಕ್ಷಿ ಬ್ರೆಡ್ಡು ತಿಂದರು, ಬೆಣ್ಣೆ ಸವರಿ, ಅವನ ಫೋಟೋದಲ್ಲಿ ಇದ್ದ ಹಾಗೇ, ತಟ್ಟೆ ಅದೇ ಅಂಚಿನದು, ಅವನು ಕೂತದ್ದು ಕಿಟಕಿಯ ಹತ್ತಿರ. ನನಗೆ ನೆನಪಿದೆಯಾ ಅಂತ ಕೇಳಿದರು. ನೆನಪಿದೆ ಅಂದೆ, ತಟ್ಟೆಯನ್ನು ಅವನೇ ತಂದು ಕೊಟ್ಟ ಅಂದೆ, ಅದು ನಿಜ, ಇವತ್ತು ನಾನು ಹೇಳಿದ ಒಂದೇ ನಿಜ. ತಟ್ಟೆ ಕೊಟ್ಟು ಹೊರಗೆ ಹೋಗಿ ಹಲಗೆಯ ಮುಂದೆ ನಿಂತು ತನ್ನ ಗಡಿಯಾರಕ್ಕೂ ಅದಕ್ಕೂ ತಾಳೆ ನೋಡಿದ, ಜಾಗ್ರತೆಯ ಹುಡುಗ, ಹಲಗೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವನನ್ನು ಮೂವತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ. ಓದದೆ ಹೋಗಿದ್ದರೆ ಬದುಕುತ್ತಿದ್ದ. ನೀರು ಸುತ್ತಿಕೊಂಡರೆ ಕರ್ರೆಗ್ ಮೇಲೇ ಕೂತಿರಬೇಕು, ಏಳೆಂಟು ಗಂಟೆ ಚಳಿಯಲ್ಲಿ ನಡುಗಿ ಆಮೇಲೆ ನಡೆದು ಬರಬಹುದು, ಹೆದರಿದವರು ಹಾಗೆ ಕೂತು ಬದುಕಿದ್ದಾರೆ. ಅವನು ಹೆದರಲಿಲ್ಲ, ಇನ್ನೂ ಅರ್ಧ ಗಂಟೆ ಇದೆ ಅಂತ ಹಲಗೆ ಹೇಳಿತ್ತು, ಹಾಗಾಗಿ ಇಳಿದ. ನಾಯಿ ಕರೆದುಕೊಂಡು ಕಡಲಂಚಿನ ಬಂಡೆಯ ಮೇಲೆ ಹೋಗುತ್ತಿದ್ದ ಮಾರ್ವೆನ್ ನೋಡಿದ್ದು, ಏದುಸಿರು ಬಿಡುತ್ತ ಗೂಡಿಗೆ ಓಡಿ ಬಂದು, ದಾರಿ ಮಧ್ಯ ಒಬ್ಬ ನಿಂತಿದಾನೆ ಕಣೇ, ಸೊಂಟದವರೆಗೆ ನೀರು, ಕೈ ಬೀಸ್ತಾ ಇಲ್ಲ, ಕೂಗ್ತಾ ಇಲ್ಲ, ಕೈಗಡಿಯಾರ ನೋಡ್ತಾನೆ, ನೀರು ನೋಡ್ತಾನೆ, ಮತ್ತೆ ಕೈಗಡಿಯಾರ ನೋಡ್ತಾನೆ.

ಫೋನ್ ಮಾಡಿದೆ ಮೊದಲು, ರಕ್ಷಣಾ ದೋಣಿಗೆ, ಇದ್ವಾಲ್ ಅದರಲ್ಲೇ ಇರುವುದು, ಅಷ್ಟಾದರೂ ನನ್ನ ಕಡೆಗಿರಲಿ, ಮೊದಲು ಫೋನ್ ಮಾಡಿದೆ. ಆಮೇಲೆ ಹೊರಗೆ ಬಂದೆ. ನೀರು ನೋಡಿದೆ, ಹಲಗೆ ನೋಡಿದೆ. ಮಾರ್ವೆನ್ ದಡಕ್ಕೆ ಓಡುತ್ತಿದ್ದಳು, ನನ್ನ ಬೆನ್ನ ಹಿಂದೆ ಯಾರೂ ಇರಲಿಲ್ಲ, ತೋಳಿನ ಉಣ್ಣೆ ಬಟ್ಟೆಯಿಂದ ಹಲಗೆಯ ಬರಹ ಒರೆಸಿದೆ, ಎಡದಿಂದ ಬಲಕ್ಕೆ ಒಂದೇ ಸಲ. ಇದ್ವಾಲ್ ಐದೂವರೆಗೆ ಬಂದ, ಬೂಟು ಬಿಚ್ಚಲಿಲ್ಲ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ನನ್ನನ್ನು ನೋಡುತ್ತ ನಿಂತ. ನೀರಿಂದ ಎತ್ತಿದಾಗಲೂ ಆ ಹುಡುಗನ ಗಡಿಯಾರ ಸರಿಯಾಗೇ ಇತ್ತು ಕಣೇ, ನನ್ನದಕ್ಕೆ ಹಿಡಿದು ನೋಡ್ದೆ. ಹಾಗಾ ಅಂದೆ. ಎಷ್ಟು ಅಂತ ಬರ್ದಿದ್ದೆ ನೀನು. ಎಷ್ಟು ಬರೀಬೇಕೋ ಅಷ್ಟು. ಅವನು ಮತ್ತೆ ಕೇಳಲಿಲ್ಲ, ಆವತ್ತಿನಿಂದ ನಮ್ಮ ಮನೆಯಲ್ಲಿ ಉಪ್ಪು ಬೇಕು, ಬಾಗಿಲು ಹಾಕು, ಇಷ್ಟೇ ಮಾತು. ಮಾರನೆಯ ಬೆಳಿಗ್ಗೆ ಸರಿಯಾದ ಗಂಟೆ ಬರೆದೆ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ದಡ. ಮರಳಿನ ಮೇಲೆ ಇವರ ದೊಡ್ಡ ಹೆಜ್ಜೆ, ಎದುರಿಗೆ ಕರ್ರೆಗ್, ಹುಲ್ಲು ಹಸಿರಾಗಿದೆ, ತುದಿಯಲ್ಲಿ ಸೀಲು ಅನ್ನುವ ಕಡಲನಾಯಿಗಳು ಬಂಡೆ ಮೇಲೆ ಬಿದ್ದುಕೊಂಡಿವೆ, ನೋಡಲು ಬಂದವರು ಚೆಂದ ಅನ್ನುತ್ತಾರೆ, ಚೆಂದವೇ, ಅದೇ ಶನಿ. ಇವತ್ತು ಕೊನೆಯ ಹೊತ್ತು ಎರಡು ನಲವತ್ತು ಅಂತ ಬರೆದಿದ್ದೇನೆ. ದಾಟೋದು ಬೇಡ, ಇಲ್ಲೇ ನಿಂತು ನೋಡ್ತೀನಿ ಅಂದರು. ಎಡದಿಂದ ಒಂದು ನಾಲಿಗೆ ನೀರು, ಬಲದಿಂದ ಒಂದು, ಕಲ್ಲುದಾರಿಯ ನಡುವೆ ಸೇರಿಕೊಂಡವು, ಇವರು ಗಡಿಯಾರ ನೋಡಿದರು. ನಿಮಿಷಕ್ಕೆ ಸರಿ ಇದೆಯಲ್ರೀ ನಿಮ್ಮ ಹಲಗೆ. ಬಸ್ಸಿನವರು ಇನ್ನೊಬ್ಬ ಬಸ್ಸಿನವರಿಗೆ ಹೇಳುವ ಹೊಗಳಿಕೆ. ಈಗ ಹೇಳುತ್ತೇನೆ, ಈಗ, ಬಾಯಿ ತೆರೆದೆ, ಇವರೇ ಶುರು ಮಾಡಿದರು. ನಿಮ್ಮನ್ನ ಕ್ಷಮೆ ಕೇಳೋಕೆ ಬಂದೆ ನಾನು. ಊರ ಸಭೆಗೆ ಕಾಗದ ಬರೆದಿದ್ದೆ, ಹಲಗೆ ಬರೆದೋರು ಸುಳ್ಳು ಹೇಳ್ತಿದಾರೆ ಅಂತ, ನಿಮಗೆ ಗೊತ್ತಿರಬೇಕು. ಯಾಕೆ ಬರೆದೆ ಅಂದ್ರೆ, ಎರಡು ಐವತ್ತಕ್ಕೆ ಫೋನ್ ಮಾಡಿದ್ದ ರೀ ಅವನು, ಅಪ್ಪಾ, ನಾಲ್ಕು ಐದರವರೆಗೂ ಟೈಮಿದೆ, ಆದ್ರೆ ಸಾಕಾಯ್ತು, ವಾಪಸ್ ಹೊರಡ್ತೀನಿ ಅಂದ. ನಾನೇ ಹೇಳಿದ್ದು, ಇಷ್ಟು ದೂರ ಹೋಗಿ ಸೀಲು ನೋಡದೆ ಬರ್ತಾರೇನೋ ಪೆದ್ದ, ಟೈಮಿದೆಯಲ್ಲ, ತುದಿವರೆಗೂ ಹೋಗಿ ಬಾ. ನಾನೇ ಕಳಿಸಿದೆ ರೀ. ಹಲಗೆ ತಪ್ಪು ಅಂತಾದ್ರೆ ನಾನು ಕಳಿಸಿದ್ದು ಅಷ್ಟು ದೊಡ್ಡ ತಪ್ಪಾಗಲ್ವಲ್ಲ, ಅದಕ್ಕೇ ನಿಮ್ಮ ಮೇಲೆ ಹಾಕಿದೆ. ಇವರ ಕಣ್ಣು ಒದ್ದೆಯಾಗಿಲ್ಲ, ಕೆಳದುಟಿ ಮಾತ್ರ ಒಂದೇ ಸಮ ನಡುಗುತ್ತಿದೆ, ಆ ತುಟಿಯನ್ನು ನೋಡುತ್ತ ನಿಂತಿದ್ದೇನೆ, ಒಂದು ಮಾತು ಸಾಕು, ಈ ಮನುಷ್ಯನ ಹೆಗಲಿಂದ ಆ ಭಾರ ಇಳಿದು ನನ್ನ ಹೆಗಲಿಗೆ ಬರುತ್ತದೆ, ಅದು ನನ್ನದೇ ಭಾರ, ಆಮೇಲೆ ಡಿಲಿಸ್‌ಗೆ ಗೊತ್ತಾಗುತ್ತದೆ, ಪೊಲೀಸರಿಗೆ ಗೊತ್ತಾಗುತ್ತದೆ, ಇದ್ವಾಲ್‌ಗೆ ಗೊತ್ತೇ ಇದೆ. ಪರವಾಗಿಲ್ಲ ಬಿಡಿ, ಅಂದೆ. ಅಯ್ಯೋ ನನ್ನ ಬಾಯಿ. ಕ್ಷಮಿಸಿಬಿಟ್ಟೆ ಅವರನ್ನು.

ಇನ್ನೊಂದು ಉಪಕಾರ ಮಾಡ್ಬೇಕು ನೀವು, ನನ್ನ ಹೆಂಡ್ತಿ ಬೆರಿಲ್, ಅವಳು ಒಪ್ಪೋದೇ ಇಲ್ಲ, ನನ್ನ ಮಗ ತಪ್ಪು ಓದೋನಲ್ಲ, ಹಲಗೇನೇ ತಪ್ಪು ಅಂತಾಳೆ, ಊಟ ತಟ್ಟೆಯಲ್ಲೇ ಬಿಡ್ತಾಳೆ, ಡಾಕ್ಟರು ಕೂಡ ಇದು ಹೀಗೇ ಆದ್ರೆ ಕಷ್ಟ ಅಂದಿದಾರೆ, ನಿಮ್ಮ ಬಾಯಿಂದ ಒಂದು ಸಲ ಕೇಳಿದ್ರೆ ಒಪ್ಪಿಕೋತಾಳೇನೋ — ಆಗಲೇ ಗುಂಡಿ ಒತ್ತಿದ್ದಾರೆ, ಬೆರಿಲ್, ಹಲಗೆ ಬರೆದೋರು ಇಲ್ಲೇ ಇದಾರೆ ಕಣೇ, ನೀನೇ ಕೇಳು, ಫೋನು ನನ್ನ ಕೈಯಲ್ಲಿ, ಇವರ ಅಂಗೈಯ ಬಿಸಿ ಇನ್ನೂ ಅದರ ಮೇಲಿದೆ. ಆ ಕಡೆ ಉಸಿರು. ಆಮೇಲೆ ಒಂದು ಹೆಣ್ಣುದನಿ, ಸಣ್ಣದು, ತುಂಬ ಮರ್ಯಾದೆಯದು. ನಾನು ಜೋಯಲ್ ತಾಯಿ. ನಿಮಗೆ ತೊಂದರೆ ಕೊಡಲ್ಲ, ಒಂದೇ ಮಾತು ಕೇಳ್ತೀನಿ. ಎಷ್ಟು ಅಂತ ಬರೆದಿದ್ರಿ. ನಾಲ್ಕು ಐದು. ತಲೆಯೊಳಗೆ ದುಂಡಗೆ, ಬೆಳ್ಳಗೆ, ಎರಡು ಸಲ ಓದಿ ನೋಡಿದ ನಾಲ್ಕು ಐದು, ಹೇಳು ನೆಸ್ಟಾ, ಇಡೀ ಲೋಕದಲ್ಲಿ ನಿಜ ಹಿಡಿದುಕೊಂಡು ಕೂತಿರುವುದು ಇವಳೊಬ್ಬಳೇ, ಇವಳಿಗೆ ಹೇಳು, ಹೇಳುತ್ತಿದ್ದೇನೆ, ತುಟಿ ಅಲುಗಿತು, ಮೂರು ಐದು ಅಂದಿತು ನಾಲಿಗೆ. ಕೈಗೆ ಕೂಡಿಸುವುದು ಹೇಗೆ ರೂಢಿಯಾಗಿತ್ತೋ ನಾಲಿಗೆಗೆ ಕಳೆಯುವುದು ಹಾಗೇ ರೂಢಿಯಾಗಿದೆ, ಹದಿಮೂರು ತಿಂಗಳಲ್ಲಿ. ಸರಿ, ಅಂದಳು ಆ ತಾಯಿ, ಹಾಗಾದ್ರೆ ಅವನೇ. ಫೋನು ನಿಂತಿತು.

ಏನಂದ್ಲು ಅಂತ ಕೇಳಿದರು. ಒಪ್ಪಿಕೊಂಡ್ರು ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಂದು ಕಾರಿನ ಕಡೆಗೆ ನಡೆದರು, ಮರಳಿನಲ್ಲಿ ಹೆಜ್ಜೆ ಹೂಳುತ್ತ. ನಾನೂ ಹೋಗಬೇಕು, ಗೂಡಿನ ಬಾಗಿಲು ಹಾಕಬೇಕು, ಕಲ್ಲುದಾರಿ ಪೂರ್ತಿ ಮುಳುಗಿತು, ಸೀಲೊಂದು ಬೊಗಳಿತು, ಹಾಗಾದ್ರೆ ಅವನೇ, ನೀರು ಏರುತ್ತಿದೆ, ದಾರಿಯ ನಡುವೆ, ಸೊಂಟದವರೆಗೆ, ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಗಡಿಯಾರ ನೋಡುತ್ತಾನೆ, ನೀರು ನೋಡುತ್ತಾನೆ, ಗಡಿಯಾರ ನೋಡುತ್ತಾನೆ, ನೀರು, ಗಡಿಯಾರ