ಹಿತ್ತಲ ಗೋಡೆಯ ಕಿಂಡಿ

"ಆ ತೂತು ಇನ್ನೂ ಮುಚ್ಚಿಲ್ವೇನೇ ಬೋಸುಡಿ? ನಿಮ್ಮವ್ವ ಬರ್ತಾಳೆ ಅಂತ ಬಿಟ್ಟಿದ್ದೀಯಾ?"

ಮೇಸ್ತ್ರಿ ಗಾರೆ ಕೆಲಸದವಳನ್ನು ಬಾಯಿಗೆ ಬಂದಂತೆ ಬೈದಿದ್ದ, ಆದರೆ ಅವಳ ಅವ್ವ ಅಲ್ಲಿಗೆ ಬರುತ್ತಿದ್ದ ಮಾತು ನಿಜವಾಗಿತ್ತು. ಊರಿನ ಚರಿತ್ರೆ ಉಳಿಸುತ್ತೇವೆಂದು ಹೊರಟ ಸಮಿತಿಯವರು ಸಾಹುಕಾರರ ಹಳೆಯ ಬಂಗಲೆಯನ್ನು ಮ್ಯೂಸಿಯಂ ಮಾಡುತ್ತಿದ್ದರು. ಅದರ ಹಿತ್ತಲ ಗೋಡೆಯ ಬುಡದಲ್ಲಿ ಕಕ್ಕಸಿನ ಕಿಂಡಿಯಿತ್ತು. ಗಾರೆಯವಳ ಅವ್ವ ಹರೆಯವನ್ನೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕಳೆದಿದ್ದಳು. ಭುಜದವರೆಗೂ ಬಲಗೈ ತೂರಿಸಿ ಮಲದ ಡಬ್ಬಿ ಎಳೆದು ತಲೆಯ ಮೇಲೆ ಹೊರುತ್ತಿದ್ದಳು. ಕೈ ಒಳಗಿರುವಾಗಲೇ ಮೇಲೆ ಕೂತವರು ಬಿಟ್ಟದ್ದೂ ಉಂಟು. ಸಾಯುವವರೆಗೂ ಅವ್ವ ಎಡಗೈಯಲ್ಲೇ ಉಂಡಳು.

ಸಮಿತಿಯ ಅಧ್ಯಕ್ಷ, ಸಾಹುಕಾರರ ಮೊಮ್ಮಗ, ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. ಆ ಕಕ್ಕಸು ಒಣಗಿ ಒಂದು ತಲೆಮಾರೇ ಕಳೆದಿತ್ತು.

"ಇದಿದ್ರೆ ಚೆನ್ನಾಗಿರಲ್ಲಮ್ಮ. ನೋಡಿದೋರು ಏನಂದ್ಕೋತಾರೆ?"

"ಇದೂ ಹಳೇದೇ ಅಲ್ವಾ ಸ್ವಾಮಿ? ತಾತ ಕೂರ್ತಿದ್ದ ಕುರ್ಚಿ ಇಟ್ಟಿದ್ದೀರಿ."

"ಕುರ್ಚಿ ಚರಿತ್ರೆ. ಇದು ಗಲೀಜು."

"ಕುರ್ಚಿ ಮೇಲೆ ಕೂತೋರೇ ಇಲ್ಲೂ ಕೂತಿದ್ದು."

"ಮುಚ್ಚೇ ಬಾಯಿ," ಎಂದ ಮೇಸ್ತ್ರಿ. "ತೂತು ಮುಚ್ಚು, ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಹೆಬ್ಬಾಗಿಲ ಸುತ್ತ ಗಾರೆಯಲ್ಲಿ ಹೂಬಳ್ಳಿ ಉಬ್ಬಿಸಿ ಎತ್ತಿದ್ದ ಅಚ್ಚು ಇನ್ನೂ ಗಾರೆಯವಳ ಬಳಿಯೇ ಇತ್ತು. ಮೇಸ್ತ್ರಿ ಉದ್ಘಾಟನೆಯ ಶಾಮಿಯಾನ ಕಟ್ಟಿಸಲು ಓಡಾಡುತ್ತಿದ್ದಾಗ ಉಳಿದ ಗಾರೆ ಕಲಸಿ, ಕಿಂಡಿಯ ಸುತ್ತಲೂ ಅದೇ ಬಳ್ಳಿ ಎತ್ತಿದಳು. ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತಂದಳು. ಕಿಂಡಿಯ ಬಾಯಿ ಮಾತ್ರ ತೆರೆದೇ ಬಿಟ್ಟಳು.

ಉದ್ಘಾಟನೆ ಮುಗಿಸಿ ಅತಿಥಿಗಳು ಹಿತ್ತಲಿಗೆ ಬಂದರು. ಅಲ್ಲೇ ಊಟದ ಮೇಜು ಹಾಕಿದ್ದರು. ರೇಷ್ಮೆ ಸೀರೆಯ ಹೆಂಗಸೊಬ್ಬಳು ಕಿಂಡಿಯ ಮುಂದೆ ಕೂತೇಬಿಟ್ಟಳು.

"ಅಯ್ಯೋ, ದೀಪದ ಗೂಡು ನೋಡ್ರಿ, ಎಷ್ಟು ಮುದ್ದಾಗಿದೆ," ಎನ್ನುತ್ತ ಬಲಗೈ ಒಳಗಿಟ್ಟು, ಫೋಟೋದವನ ಕಡೆ ತಿರುಗಿ ನಕ್ಕಳು. ಅಧ್ಯಕ್ಷನ ಮುಖ ಇಂಗು ತಿಂದ ಮಂಗನಂತಾಯಿತು.

"ಇನ್ನೂ ಒಳಗೆ ಹಾಕಿ ಅಕ್ಕಾ," ಎಂದಳು ಗಾರೆಯವಳು. "ನಮ್ಮವ್ವ ಭುಜದವರೆಗೂ ಹಾಕ್ತಿದ್ಲು. ಇವ್ರ ತಾತನ ಹೇಲು ಅಲ್ಲಿಂದ್ಲೇ ಬಾಚ್ತಿದ್ದಿದ್ದು."

ಹೆಂಗಸು ಕೈ ಕಿತ್ತುಕೊಂಡಳು. ಮೇಸ್ತ್ರಿ ಹಾರೆ ಹಿಡಿದು ಓಡಿಬಂದ. ಗಾರೆಯವಳು ಕಿಂಡಿಗೆ ಬೆನ್ನು ಕೊಟ್ಟು ಕೂತಳು.

"ಹಾಕು. ಮೊದಲು ನನ್ನ ಬೆನ್ನು ಮುರಿ, ಆಮೇಲೆ ಗೋಡೆ."

"ಈಗ ಬೇಡ," ಅಧ್ಯಕ್ಷ ಹಲ್ಲು ಕಚ್ಚಿ ಪಿಸುಗುಟ್ಟಿದ. "ಜನ ಹೋಗ್ಲಿ."

ಮೇಸ್ತ್ರಿ ಹಾರೆ ಊರಿಕೊಂಡು ಅವಳೆದುರೇ ನಿಂತ. ಅವಳು ಕದಲಲಿಲ್ಲ. ಬಡಿಸಲು ಶುರುಮಾಡಿದರು. ಸೋಪು ಹಾಕಿ ಹಾಕಿ ಬಲಗೈ ತೊಳೆದುಬಂದ ರೇಷ್ಮೆ ಸೀರೆಯವಳು ಆ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು, ಎಡಗೈಯಲ್ಲಿ ಉಣ್ಣುತ್ತಿದ್ದಳು.