ಟ್ಯಾಂಕೋ, ಬೈಕೋ, ಮೀನೋ

ನಾನು ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್. ಕಪ್ಪು ಪ್ಲಾಸ್ಟಿಕ್ಕಿನ ಮೈ, ಉದ್ದನೆಯ ವೈರುಗಳ ತುದಿಯಲ್ಲಿ ಎರಡು ರಿಮೋಟು. ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿದೆ ಎಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ. ಯಾವುದೋ ಪಟ್ಟಣದ ಹೊರಗಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಹೆಂಗಸರು ಮೇಜಿನ ಸುತ್ತ ಕುಳಿತು ನನ್ನನ್ನು ಹಡೆದರು. ಒಬ್ಬಳು ಹೊಟ್ಟೆಯೊಳಗೆ ಹಸಿರು ಹಲಗೆ ಇಟ್ಟಳು. ಇನ್ನೊಬ್ಬಳು ವೈರಿಗೆ ಬೆಸುಗೆ ಹಾಕಿದಳು. ಮೂರನೆಯವಳು ತನ್ನ ಸೊಸೆಯನ್ನು ಬೈಯುತ್ತ ಸ್ಕ್ರೂ ಬಿಗಿದಳು. ಆ ಸೊಸೆ ಏನು ಮಾಡಿದ್ದಳೋ, ಇವತ್ತಿಗೂ ಆ ಸ್ಕ್ರೂ ಯಾರಿಗೂ ಬಿಚ್ಚಲು ಬಂದಿಲ್ಲ. ಕೊನೆಯವಳು ನನ್ನ ನೆತ್ತಿಗೆ ಚೀಟಿ ಅಂಟಿಸಿದಳು: ಒಂಬೈನೂರ ತೊಂಬತ್ತೊಂಬತ್ತು ಆಟಗಳು. ಒಳಗಿದ್ದದ್ದು ಹನ್ನೊಂದು. ಉಳಿದವೆಲ್ಲ ಅವೇ ಹನ್ನೊಂದು, ಅಂಗಿಯ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿ ತನ್ನ ಅವಳಿ ಹೆಣ್ಣುಮಕ್ಕಳಿಗೆಂದು ನನ್ನನ್ನು ಕೊಂಡು ತಂದ. ಆ ಮನೆಯಲ್ಲಿ ನಾನಿದ್ದದ್ದು ಎರಡೇ ತಿಂಗಳು. ಹುಡುಗಿಯರು ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ, ರಿಮೋಟಿಗಾಗಿ ಜಡೆ ಹಿಡಿದು ಎಳೆದಾಡುತ್ತಿದ್ದರು. ಮನೆಯ ಅಜ್ಜನಿಗೆ ಕ್ಷೌರ ಮಾಡಲು ತಿಂಗಳಿಗೊಮ್ಮೆ ಚನ್ನಬಸಪ್ಪ ಹಡಪದ ಬರುತ್ತಿದ್ದ. ಒಂದು ಸಲ ಅವನು ಬಂದಾಗ ಹುಡುಗಿಯರ ತಾಯಿ ನನ್ನನ್ನು ವೈರು ಸಮೇತ ಕಿತ್ತು ಅವನ ಕೈಗೆ ಹಾಕಿದಳು.

"ಚನ್ನಬಸಣ್ಣ, ಇದನ್ನ ಮೊದಲ ಇಲ್ಲಿಂದ ಒಯ್ಯಿ. ನಿನಗ ಪುಣ್ಯ ಬರತೈತಿ."

"ಹೌದ್ರೀ ಅವ್ವಾರ," ಎಂದ ಚನ್ನಬಸಪ್ಪ.

ಅವನನ್ನು ನಾನು ಏಕವಚನದಲ್ಲಿ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ದಿನಾ ಬೆಳಿಗ್ಗೆ ಮೈ ಒರೆಸುವವನನ್ನು ಬಹುವಚನದಲ್ಲಿ ಕರೆಯಲು ಬಾಯಿ ಬರುವುದಿಲ್ಲ. ಅವನ ಸಲೂನು ಬಸ್‌ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ. ಎರಡು ಕುರ್ಚಿ, ಒಂದು ಬೆಂಚು, ಒಂದು ಹಳೆಯ ಟಿವಿ. ಕಾಯುವ ಗಿರಾಕಿಗಳು ಬೇಸತ್ತು ಎದ್ದು ಹೋಗದಿರಲೆಂದು ನನ್ನನ್ನು ಟಿವಿಯ ಕೆಳಗಿನ ಸ್ಟೂಲಿನ ಮೇಲೆ ಕೂರಿಸಿದ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಜನರ ಗದ್ದ ಮತ್ತು ಮೂಗಿನ ಹೊಳ್ಳೆ ಮಾತ್ರ. ಊರಿನ ಎಷ್ಟೋ ದೊಡ್ಡ ಮನುಷ್ಯರನ್ನು ನಾನು ಇವತ್ತಿಗೂ ಮೂಗಿನ ಕೂದಲಿನಿಂದಲೇ ಗುರುತಿಸುತ್ತೇನೆ.

ಚನ್ನಬಸಪ್ಪನ ಬಾಯಲ್ಲಿ ಇದ್ದದ್ದು ಒಂದೇ ಮಾತು: ಹೌದ್ರೀ. ಈ ಸಲ ಮಳೆ ಜಾಸ್ತಿ ಎಂದವನಿಗೂ ಹೌದ್ರೀ, ಮಳೆಯೇ ಇಲ್ಲ ಎಂದವನಿಗೂ ಹೌದ್ರೀ. ಕತ್ತಿ ಕೈಯಲ್ಲಿ ಹಿಡಿದವನು ಗಿರಾಕಿಯ ಜೊತೆ ವಾದಕ್ಕಿಳಿದರೆ ಗಿರಾಕಿ ಹೆದರುತ್ತಾನೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದನಂತೆ. ಹಾಗಾಗಿ ಮೂವತ್ತೈದು ವರ್ಷ ಬದುಕಿದರೂ ಅವನಿಗೆ ಸ್ವಂತದ್ದೊಂದು ಅಭಿಪ್ರಾಯವಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ನನಗೆ ಮಾತ್ರ ತಿಳಿದಿತ್ತು. ಮಂಗಳವಾರ ಸಲೂನಿಗೆ ರಜೆ. ಅವತ್ತು ಮಧ್ಯಾಹ್ನ ಶಟರನ್ನು ಅರ್ಧ ಇಳಿಸಿ, ಚಪ್ಪಲಿ ಬಿಟ್ಟು, ಚನ್ನಬಸಪ್ಪ ಒಬ್ಬನೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಹನ್ನೊಂದರಲ್ಲಿ ಯಾರೂ ಮುಟ್ಟದ ಆಟವೊಂದಿತ್ತು. ದೋಣಿಯಲ್ಲಿ ಒಬ್ಬ ಮನುಷ್ಯ ಗಾಳ ಹಾಕಿ ಕುಳಿತಿರುತ್ತಾನೆ. ಮೀನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಷ್ಟೇ. ಗಿರಾಕಿಗಳು ಅದಕ್ಕೆ ನಿದ್ದಿ ಗೇಮ್ ಎಂದು ಹೆಸರಿಟ್ಟಿದ್ದರು. ಚನ್ನಬಸಪ್ಪ ಅದನ್ನು ಎರಡು ತಾಸು ಆಡಿ, ಯಾರಾದರೂ ನೋಡಿದರೇನೋ ಎಂದು ಓಣಿಯ ಆಚೆ ಈಚೆ ಇಣುಕಿ, ಮನೆಗೆ ಹೋಗುತ್ತಿದ್ದ.

ಉಳಿದ ಆರು ದಿನ ಅಂಗಡಿ ಇಬ್ಬರ ವಶದಲ್ಲಿರುತ್ತಿತ್ತು. ಒಬ್ಬರು ಹಾಲಪ್ಪ ಮಾಸ್ತರರು, ಪ್ರಾಥಮಿಕ ಶಾಲೆಯವರು, ಟ್ಯಾಂಕ್ ಗೇಮಿನ ಭಕ್ತರು. ಇನ್ನೊಬ್ಬರು ಮೌಲಾಸಾಬ ನದಾಫ, ಹಿರೇಕೆರೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಅವರಿಗೆ ಬೈಕ್ ರೇಸೇ ಪ್ರಾಣ. ದಿನವಿಡೀ ಸ್ಟೇರಿಂಗ್ ಹಿಡಿದವರು ಇಲ್ಲಿಗೂ ಬಂದು ಗಾಡಿಯನ್ನೇ ಓಡಿಸುವುದೇಕೆ ಎಂದು ಕೇಳಿದರೆ, "ಇಲ್ಲಿ ಯಾರೂ ಸೀಟಿ ಊದಂಗಿಲ್ರಿ, ನಡುವ ಯಾರೂ ಇಳೀತೀನಿ ಅನ್ನಂಗಿಲ್ಲ," ಎನ್ನುತ್ತಿದ್ದರು. ಜಗತ್ತಿನ ಸರ್ವಶ್ರೇಷ್ಠ ಗೇಮ್ ಯಾವುದು ಎಂಬ ಬಗ್ಗೆ ಇಬ್ಬರಿಗೂ ಮೂರು ವರ್ಷದಿಂದ ವಾದ ನಡೆದಿತ್ತು. ಜಗತ್ತಿನಲ್ಲಿ ಹನ್ನೊಂದಕ್ಕಿಂತ ಹೆಚ್ಚು ಗೇಮುಗಳಿವೆ ಎಂಬ ಸಂಗತಿ ಇಬ್ಬರಿಗೂ ಮುಖ್ಯವಾಗಿರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅದು ಸ್ಫೋಟವಾಯಿತು. ಅವತ್ತು ಮಾಸ್ತರರ ಶಾಲೆಗೆ ತಪಾಸಣೆಗೆಂದು ಸಾಹೇಬರು ಬರುವವರಿದ್ದರು. ನದಾಫರ ಬಸ್ಸು ಒಂಬತ್ತೂ ಮುಕ್ಕಾಲಿಗೆ ಬಿಡಬೇಕಿತ್ತು. ಇಬ್ಬರಿಗೂ ಅವಸರವಿದ್ದಾಗ ಚನ್ನಬಸಪ್ಪನದೊಂದು ಉಪಾಯವಿತ್ತು: ಇಬ್ಬರನ್ನೂ ಕೂರಿಸಿ ಇವರದರ್ಧ ಗಡ್ಡ, ಅವರದರ್ಧ ಗಡ್ಡ ಮಾಡಿಬಿಡುವುದು. ಆಮೇಲೆ ಯಾರೂ ಎದ್ದು ಹೋಗುವಂತಿಲ್ಲ. ಅಷ್ಟು ಮಾಡಿ ಅವನು ಕತ್ತಿ ಮಸೆಯುತ್ತಿದ್ದಾಗ ಮಾಸ್ತರರು ಶುರು ಹಚ್ಚಿಕೊಂಡರು.

"ಟ್ಯಾಂಕ್ ಗೇಮಿನ್ಯಾಗ ತಲಿ ಓಡಸಬೇಕ್ರಿ ನದಾಫ್ರ. ನಿಮ್ಮ ಬೈಕಿಗೆ ಏನ್ ಬೇಕು? ಒಂದ್ ಬಟನ್ ಒತ್ತಿ ಹಿಡದ್ರ ಆತು. ಅದನ್ನ ಎಮ್ಮೀನೂ ಆಡತೈತಿ."

"ಎಮ್ಮಿ ಆಡಿದ್ರ ಗೆದ್ದರೂ ಗೆಲ್ಲತೈತಿ. ನೀವ್ ಯಾಕ ಮೊದಲನೇ ತಿರುವಿನ್ಯಾಗ ಗಟಾರಕ್ಕ ಬೀಳತೀರಿ?"

ಬೆಂಚಿನ ಮೇಲಿದ್ದ ಆರು ಜನ ನಕ್ಕರು. ಕೈ ಎತ್ತಿಸಿ ಎಣಿಸಿದರು. ಮೂರು ಟ್ಯಾಂಕಿಗೆ, ಮೂರು ಬೈಕಿಗೆ. ಎಲ್ಲರ ಕಣ್ಣೂ ಚನ್ನಬಸಪ್ಪನ ಮೇಲೆ ಬಿತ್ತು.

"ಎರಡೂ ಚಲೋನ ಅದಾವ್ರಿ," ಎಂದ ಅವನು.

"ಆ ಆಟ ನಡಿಯಂಗಿಲ್ಲ," ಮಾಸ್ತರರು ನೊರೆ ಮೆತ್ತಿದ ಗಲ್ಲದ ಮೇಲೆ ಕೈ ಅಡ್ಡ ಇಟ್ಟರು. "ಒಂದು ಹೇಳು. ಹೇಳೂತನ ಈ ಕಡೆ ಗಲ್ಲ ಮುಟ್ಟಗೊಡಂಗಿಲ್ಲ."

"ನಂದೂ ಅಷ್ಟ," ಎಂದರು ನದಾಫರು. "ಬಸ್ ನಿಂತರ ನಿಲ್ಲಲಿ."

ಬಸ್ಸು ನಿಂತೇ ಇತ್ತು. ಕಂಡಕ್ಟರ್ ಓಡಿ ಬಂದು, "ಸಾಹೇಬ್ರ, ಪ್ಯಾಸೆಂಜರ್ ಬೈಯಾಕತ್ತಾರ," ಎಂದ. ಏನು ವಿಷಯ ಎಂದು ಕೇಳಿ ತಿಳಿದುಕೊಂಡವನು ತಾನೂ ಟ್ಯಾಂಕಿನ ಕಡೆ ಎಂದುಬಿಟ್ಟ. ನದಾಫರು ಅವನನ್ನು ಕನ್ನಡಿಯಲ್ಲೇ ಕೆಕ್ಕರಿಸಿ ನೋಡಿದರು. ಅವನ ಹಿಂದೆಯೇ ಬದನೆಕಾಯಿ ಬುಟ್ಟಿ ಹೊತ್ತ ಒಬ್ಬ ಮುದುಕಿ ಬಂದಳು. ಅವಳ ಹಿಂದೆ ಬಸ್ಸಿನ ಇನ್ನೂ ಹತ್ತು ಜನ. ಬಾಗಿಲಲ್ಲಿ ಗಾಳಿ ಆಡಲು ಜಾಗವಿರಲಿಲ್ಲ.

"ಯಾರರ ಸತ್ತಾರೇನ್ ಒಳಗ?" ಮುದುಕಿ ಕೇಳಿದಳು.

"ಇಲ್ಲಬೇ ಯಮ್ಮಾ, ಯಾವ ಗೇಮ್ ದೊಡ್ಡದು ಅಂತ ತೀರ್ಮಾನ ಆಗಬೇಕಾಗೇತಿ," ಎಂದ ಕಂಡಕ್ಟರ್.

"ಲಗೂನ ಆಗಲಿ. ನನ್ನ ಬದನಿಕಾಯಿ ಬಾಡತಾವು."

ಚನ್ನಬಸಪ್ಪನ ಹಣೆಯ ಬೆವರು ತೊಟ್ಟಿಕ್ಕಿ ನನ್ನ ನೆತ್ತಿಯ ಮೇಲೆ ಬಿತ್ತು. ಅವನ ಕಷ್ಟ ನನಗೆ ಗೊತ್ತಿತ್ತು. ಎದುರಿಗೆ ಹೊಸದಾಗಿ ಗಾಜಿನ ಸಲೂನೊಂದು ತೆರೆದಿತ್ತು. ಟ್ಯಾಂಕ್ ಎಂದರೆ ಅರ್ಧ ಗಿರಾಕಿಗಳು ಅತ್ತ ಹೋಗುತ್ತಾರೆ, ಬೈಕ್ ಎಂದರೆ ಇನ್ನರ್ಧ. ಅವನು ಕತ್ತಿಯನ್ನು ಮಡಚಿ ಇಟ್ಟ. ಟವೆಲಿನಿಂದ ಕೈ ಒರೆಸಿಕೊಂಡ.

"ನನಗ ಮೀನಿನ ಗೇಮ್ ಸೇರತೈತ್ರಿ," ಎಂದ.

ಮಾಸ್ತರರು ಗಲ್ಲದ ಮೇಲಿನ ಕೈ ತೆಗೆದರು.

"ಯಾವುದು, ಆ ನಿದ್ದಿ ಗೇಮಾ?" ಎಂದರು ಮಾಸ್ತರರು.

"ಹೌದ್ರೀ. ಬೆಳಗಿನಿಂದ ಸಂಜೀತನ ನಾ ನಿಂತಿರತೀನ್ರಿ. ಅದರಾಗ ಒಬ್ಬ ಮನಷ್ಯಾ ಕುಂತಿರತಾನ. ಅವನ್ನ ನೋಡಿದ್ರ ನನ್ನ ಕಾಲಿಗೆ ಆರಾಮ ಅನಸತೈತಿ."

ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಯಾರಿಗಾದರೂ ಮನಸ್ಸು ಕರಗಬಹುದು ಎಂದುಕೊಂಡೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂರು ವರ್ಷ ಕಚ್ಚಾಡಿದ ಇಬ್ಬರೂ ಒಂದೇ ನಿಮಿಷದಲ್ಲಿ ಒಂದಾದರು. "ನೋಡ್ರಿ ಮಾಸ್ತರ, ನಾವು ಇಂಥವರ ಮುಂದ ನ್ಯಾಯ ಕೇಳಿದ್ವಿ," ಎಂದರು ನದಾಫರು. "ಬರ್ರಿ ನದಾಫ್ರ, ಹೋಗೋಣು," ಎಂದು ಮಾಸ್ತರರು ಕುತ್ತಿಗೆಯ ಬಟ್ಟೆ ಕಿತ್ತೆಸೆದರು. ಅರ್ಧ ಗಡ್ಡದ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಓಣಿಯಲ್ಲಿ ನಡೆದುಹೋದರು. ಆ ದಿನ ಹಿರೇಕೆರೂರಿನ ಬಸ್ಸು ಮುಕ್ಕಾಲು ತಾಸು ತಡ. ಮಾಸ್ತರರು ಹಲ್ಲುನೋವೆಂದು ಹೇಳಿ, ಮುಖಕ್ಕೆ ಮಫ್ಲರ್ ಸುತ್ತಿಕೊಂಡು, ತಪಾಸಣೆಯ ಸಾಹೇಬರ ಎದುರು ಭೂಗೋಳ ಪಾಠ ಮಾಡಿದರಂತೆ.

ಆಮೇಲಿನ ಮೂರು ವಾರ ಬೆಂಚು ಖಾಲಿ. ಚನ್ನಬಸಪ್ಪ ಕತ್ತರಿಗೆ ಎಣ್ಣೆ ಬಿಡುತ್ತ, ಗಾಜಿನ ಸಲೂನಿನ ಬಾಗಿಲು ತೆರೆದು ಮುಚ್ಚುವುದನ್ನು ನೋಡುತ್ತ ಕೂರುತ್ತಿದ್ದ. ಒಂದು ದಿನ ನನ್ನನ್ನು ಎತ್ತಿ ಗೋಣಿಚೀಲಕ್ಕೆ ಹಾಕಿದ. ಗುಜರಿಗೆ ಕೊಡುವುದೋ, ಹೊಳೆಗೆ ಎಸೆಯುವುದೋ ಎಂದು ಯೋಚಿಸುತ್ತಿದ್ದನೇನೋ. ಅಷ್ಟರಲ್ಲಿ ಚೀಲದ ತೆರೆದ ಬಾಯಿಂದ ನನಗೆ ಬಾಗಿಲಲ್ಲಿ ನದಾಫರ ಗದ್ದ ಕಾಣಿಸಿತು.

"ಆ ಗಾಜಿನ ಸಲೂನಿನ್ಯಾಗ ಯಾರೂ ಜಗಳಕ್ಕ ಬರಂಗಿಲ್ಲ," ಎಂದರು ಅವರು ದೂರುವ ದನಿಯಲ್ಲಿ. "ಕುಂದರ್ರಿ ಅಂತಾರ, ಕೆರೀತಾರ, ಏಳ್ರಿ ಅಂತಾರ. ಆ ಮೀನಿನ ಗೇಮ್ ಹಚ್ಚು ನೋಡೋಣು. ಅದರಾಗ ಏನೈತಿ ಅಂತ ನಾನೂ ನೋಡೇಬಿಡತೀನಿ."

ಚೀಲದಿಂದ ಹೊರಗೆ ಬಂದೆ. ನದಾಫರು ಅರ್ಧ ತಾಸು ಆಡಿದರು. ಸಿಕ್ಕಿದ್ದು ಒಂದು ಹರಕು ಬೂಟು.

"ಖರೇನ ಹೇಳತೀನಿ ಚನ್ನಬಸಣ್ಣ, ಇದಕ್ಕಿಂತ ಕೆಟ್ಟ ಗೇಮ್ ಭೂಮಿ ಮ್ಯಾಲ ಇಲ್ಲ."

ಚನ್ನಬಸಪ್ಪ ಬಾಯಿ ತೆರೆದ. ಅಭ್ಯಾಸದಂತೆ ಹೌದ್ರೀ ಎನ್ನುತ್ತಾನೆ ಎಂದು ಕಾದೆ.

"ಅಲ್ರೀ," ಎಂದ.

ಒಮ್ಮೆ ರುಚಿ ಹತ್ತಿದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಮಾಸ್ತರರೂ ಮರಳಿದರು, ಟ್ಯಾಂಕಿನವರಿಗೂ ಬೈಕಿನವರಿಗೂ ಸೇರಿ ಬೈಯಲು ಮೂರನೆಯ ಪಕ್ಷವೊಂದು ಸಿಕ್ಕಿತ್ತು, ಅದಕ್ಕಾಗಿಯೇ ದೂರದ ಓಣಿಗಳಿಂದ ಜನ ಬರತೊಡಗಿದರು. ಚನ್ನಬಸಪ್ಪ ಮಳೆಗೆ ಅಲ್ರೀ ಎಂದ, ಕ್ರಿಕೆಟ್ಟಿಗೆ ಅಲ್ರೀ ಎಂದ. ಮನೆಯಲ್ಲಿ ಹೆಂಡತಿಗೆ ಸಾರಿಗೆ ಉಪ್ಪು ಕಡಿಮೆ ಎಂದನಂತೆ. ಆಕೆ ಅಂಗಡಿಗೇ ಬಂದು, "ನಿಮ್ಮ ಸಹವಾಸದಿಂದ ಕೆಟ್ಟಾರ ಇವರು," ಎಂದು ಮಾಸ್ತರರನ್ನು ತರಾಟೆಗೆ ತೆಗೆದುಕೊಂಡಳು.

ವರ್ಷಗಳು ಉರುಳಿದವು. ಮೊಬೈಲು ಬಂತು. ಬೆಂಚಿನ ಮೇಲೆ ಕುಳಿತವರು ತಮ್ಮ ತಮ್ಮ ಅಂಗೈಯೊಳಗೇ ಆಡತೊಡಗಿದರು. ಪಕ್ಕದವನು ಏನು ಆಡುತ್ತಿದ್ದಾನೆಂದು ಯಾರೂ ಇಣುಕುತ್ತಿರಲಿಲ್ಲ. ವಾದವಿಲ್ಲದ ಅಂಗಡಿಯಲ್ಲಿ ಕತ್ತರಿಯ ಸಪ್ಪಳ ಎಷ್ಟು ಜೋರು ಎಂದು ನನಗೆ ತಿಳಿದದ್ದು ಆಗಲೇ. ಮಾಸ್ತರರು ನಿವೃತ್ತರಾದರು. ನದಾಫರು ಅದಕ್ಕೂ ಮೊದಲೇ ಸ್ಟೇರಿಂಗ್ ಬಿಡಬೇಕಾಯಿತು. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ಒಂದಾದ ಮೇಲೊಂದು ತೆಗೆದುಕೊಂಡಿತು.

ಆಗ ಮಂಗಳವಾರದ ರಜೆ ಮೂವರದಾಯಿತು. ಮಾಸ್ತರರ ಹೆಗಲು ಹಿಡಿದು ನದಾಫರು ಬರುತ್ತಿದ್ದರು. ಮೊದಲ ದಿನ ಬೆಂಚಿನ ಮೇಲೆ ಸುಮ್ಮನೆ ಕುಳಿತು, ರಿಮೋಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಕೆಳಗಿಟ್ಟರು. ಚನ್ನಬಸಪ್ಪ ಅದನ್ನು ಎತ್ತಿ ಮತ್ತೆ ಅವರ ಕೈಗಿಟ್ಟ.

"ನೀವು ಗಾಡಿ ಹೊಡೀರಿ ಸಾಹೇಬ್ರ. ರಸ್ತೆ ನಾ ನೋಡತೀನಿ."

ಟಿವಿಯ ದನಿ ಸತ್ತು ವರ್ಷಗಳಾಗಿತ್ತು. ಆದ್ದರಿಂದ ಎಂಜಿನ್ನಿನ ಕೆಲಸವೂ ಅವನ ಪಾಲಿಗೆ ಬಂತು. "ಡುರ್‌ರ್‌ರ್... ಎಡಕ್ಕ ಲಾರಿ ಬಂತ್ರೀ... ಡುರ್‌ರ್... ಬಲಕ್ಕ, ಬಲಕ್ಕ!" ನದಾಫರು ಎಡಕ್ಕೆ ಒತ್ತಿ ಗಟಾರಕ್ಕೆ ಬೀಳುತ್ತಿದ್ದರು. ಬಿದ್ದ ತಕ್ಷಣ, "ನಿನಗಿಂತ ಆ ಕಂಡಕ್ಟರನ ಚಲೋ ಇದ್ದ," ಎಂದು ಬೈಯುತ್ತಿದ್ದರು. ಮಾಸ್ತರರು ಗಿರಾಕಿಯ ಕುರ್ಚಿಯಲ್ಲಿ ಕಾಲು ಚಾಚಿ, "ಅದಕ್ಕ ಹೇಳೂದು, ಟ್ಯಾಂಕ್ ಆಡ್ರಿ ಅಂತ," ಎಂದು ಗೊಣಗುತ್ತಿದ್ದರು. ವಾರ ವಾರವೂ ಒಂದೊಂದು ತಿರುವು ಮುಂದೆ ಹೋದರು. ಎಂಟನೆಯ ಹಂತವೇ ಕೊನೆಯದು. ಆ ಅಂಗಡಿಯಲ್ಲಿ ಕಣ್ಣಿದ್ದವರೂ ಅದನ್ನು ದಾಟಿರಲಿಲ್ಲ.

ನನ್ನ ಕೊನೆಯ ದಿನ ನಾವು ಎಂಟನೆಯ ಹಂತದಲ್ಲಿದ್ದೆವು. ಅರ್ಧ ದಾರಿ ಕಳೆದಿತ್ತು. ನದಾಫರು ಮುಂದೆ ಬಾಗಿ ಕುಳಿತಿದ್ದರು. ನನ್ನ ಹೊಟ್ಟೆಯಲ್ಲಿ ಏನೋ ಚುರ್ ಎಂದಿತು. ಪರದೆ ಒಮ್ಮೆ ಬೆಳ್ಳಗಾಯಿತು, ಆಮೇಲೆ ಕಪ್ಪಾಯಿತು. ಚನ್ನಬಸಪ್ಪನ ಬಾಯಿ ಒಂದು ಕ್ಷಣ ನಿಂತಿತು.

"ಯಾಕ, ಏನಾತು?" ನದಾಫರ ಹೆಬ್ಬೆರಳು ಬಟನ್ ಬಿಟ್ಟಿರಲಿಲ್ಲ.

ಚನ್ನಬಸಪ್ಪ ಕಪ್ಪು ಪರದೆಯನ್ನು ನೋಡಿದ. ನೋಡಿ, ಉಸಿರು ಎಳೆದುಕೊಂಡ. "ಡುರ್‌ರ್‌ರ್! ಗೇರ್ ಬದಲಸಿದ್ನಿರಿ ಸಾಹೇಬ್ರ. ಎಡಕ್ಕ ಹಗೂರಕ... ಹಾಂ... ಮುಂದ ಸೇತುವಿ ಐತಿ, ನೆಟ್ಟಗ ಹಿಡೀರಿ... ಕೆಂಪು ಬೈಕ್ ಹಿಂದ ಬಿತ್ತು... ಇನ್ನೊಂದೇ ಐತ್ರೀ ಮುಂದ!" ಅವನ ಕುತ್ತಿಗೆಯ ನರ ಉಬ್ಬಿತ್ತು. ಮಾಸ್ತರರು ಕುರ್ಚಿಯಿಂದ ಎದ್ದು ಬಂದು, ಕನ್ನಡಕ ಏರಿಸಿ, ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಬಂತ್ರೀ, ಗೆರಿ ಬಂತು... ದಾಟಿದ್ರಿ!"

ನದಾಫರ ಹಣೆಯಲ್ಲಿ ಬೆವರಿತ್ತು. ನಗು ಬರುತ್ತಿತ್ತು, ಆದರೆ ತಡೆದುಕೊಂಡಿದ್ದರು.

"ಮಾಸ್ತರ, ನೀವ್ ಹೇಳ್ರಿ. ಈ ಚನ್ನಬಸಣ್ಣ ನನ್ನ ಸಮಾಧಾನಕ್ಕ ಅಂತ ಏನರ ಹೇಳಾಂವ."

ಮೂವತ್ತು ವರ್ಷದಲ್ಲಿ ಬೈಕ್ ಗೇಮಿನ ಬಗ್ಗೆ ಒಂದು ಒಳ್ಳೆಯ ಮಾತು ಆಡದ ಹಾಲಪ್ಪ ಮಾಸ್ತರರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.

"ಗೆದ್ರಿ ನದಾಫ್ರ. ಮೊದಲನೇ ನಂಬರ್. ನಾ ಕಣ್ಣಾರೆ ನೋಡೀನಿ."

"ಹಂಗಾರ ಒಪ್ಪಗೋರಿ, ಬೈಕ್ ಗೇಮ ದೊಡ್ಡದು ಅಂತ."

"ಅದನ್ನ ಮಾತ್ರ ಒಪ್ಪಂಗಿಲ್ಲ," ಎಂದರು ಮಾಸ್ತರರು. "ಅಲ್ರೀ," ಎಂದು ಚನ್ನಬಸಪ್ಪನೂ ಸೇರಿಕೊಂಡ, ಮೂವರೂ ಒಟ್ಟಿಗೆ ಮಾತಾಡತೊಡಗಿದರು.

ಈಗ ನಾನು ಪೌಡರ್ ಡಬ್ಬಿಗಳ ಪಕ್ಕದ ಹಲಗೆಯ ಮೇಲಿದ್ದೇನೆ. ರಿಪೇರಿಯವನು ನೋಡಿ ತಲೆಯಾಡಿಸಿ ಹೋದ. ಮೈಮೇಲೆ ಕೂದಲು ಬೀಳುತ್ತದೆ, ಚನ್ನಬಸಪ್ಪ ಊದಿ ಹಾರಿಸುತ್ತಾನೆ. ಮಂಗಳವಾರ ಬಂದರೆ ಮೂವರೂ ಸೇರುತ್ತಾರೆ. ನನ್ನನ್ನು ಕೆಳಗಿಳಿಸುವುದಿಲ್ಲ, ಆದರೆ ನನ್ನ ವಿಷಯ ಬಿಡುವುದಿಲ್ಲ. ಯಾವ ಗೇಮ್ ದೊಡ್ಡದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಗದಿರಲಿ ಎಂದೇ ಬಯಸುತ್ತೇನೆ. ಆದ ದಿನ ಅವರು ಚಹಾ ಕುಡಿದು ಮನೆಗೆ ಹೋಗಿಬಿಡುತ್ತಾರೆ.