ಯಂತ್ರ ತೋರಿಸಿದ ಹದಿನಾಲ್ಕು

ಚಟ್ಟದ ಬಿದಿರಿಗೆ ಹುರಿ ಬಿಗಿಯುತ್ತಲೇ ಉಮೇಶ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಶ್ರದ್ಧಾಂಜಲಿಯ ಬ್ಯಾನರಿಗಾಗಿ ಕುಮಟೆಯ ಅಂಗಡಿಯವನೊಡನೆ ಮಾತಾಡುತ್ತಿದ್ದ.

"ಹೆಸರು ನಾಗಪತಿ. ವಯಸ್ಸು ಐವತ್ತೇಳು. ಊರು ಕಾಗಾಲ. ಕೆಲಸವಾ? ತಡಿ ಮಾರಾಯ, ಅತ್ತಿಗೆ ಹತ್ರ ಕೇಳ್ತೆ."

ಒಳಗೆ ಗಂಡನ ತಲೆಯ ಬಳಿ ಕುಳಿತಿದ್ದ ಮಹಾಲಕ್ಷ್ಮಿಗೆ ಅದು ಕೇಳಿಸಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಬಾವಿಕಟ್ಟೆಯ ಬಳಿ ಕುಸಿದ ನಾಗಪತಿ ಮತ್ತೆ ಏಳಲಿಲ್ಲ. ಗೇರುಬೀಜದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನಡೆಸಿದವನು, ಕೊನೆಯ ನಾಲ್ಕು ತಿಂಗಳು ಅದೇ ಕಾರ್ಖಾನೆಯ ಗೇಟಿನಲ್ಲಿ ಕುಳಿತು ಲಾರಿಗಳ ನಂಬರು ಬರೆದಿದ್ದ.

"ಬಾಯ್ಲರ್ ಆಪರೇಟರ್ ಅಂತ್ಲೇ ಹಾಕಲಾ ಅತ್ತಿಗೆ?"

"ಬೇಡ. ನಾಳೆ ಹೈವೇ ತಿರುವಿನಲ್ಲಿ ಕಟ್ಟಿದ್ದನ್ನ ಕಾರ್ಖಾನೆಯವ್ರು ಓದಿ ನಗೂದು ಬೇಡ. ಗೇಟು ಅಂತ ಹಾಕು."

"ಕೆಲಸವೇ ಹಾಕೂದು ಬೇಡ ಬಿಡು," ಎಂದಳು ನಾಗಪತಿಯ ಸೋದರತ್ತೆ ನಾಗಿ. "ಸತ್ತವಗೆ ಎಂತ ಡ್ಯೂಟಿ?"

ಉಮೇಶ ಇಬ್ಬರ ಮುಖವನ್ನೂ ನೋಡಿ ಫೋನಿಗೆ ಹೇಳಿದ: "ಆ ಒಂದು ಸಾಲು ಖಾಲಿ ಇಡು. ಸುಡುಗಾಡಿಂದ ಬಂದ್ಮೇಲೆ ಹೇಳ್ತೆ."

* * *

ಜನವರಿಯಲ್ಲಿ ಹೊನ್ನಾವರದ ಏಜೆನ್ಸಿಯೊಂದರಿಂದ ಪವಿತ್ರಾ ಎಂಬ ಹುಡುಗಿ ಕಾರ್ಖಾನೆಯ ಹೊಗೆಯ ತಪಾಸಣೆಗೆ ಬಂದಿದ್ದಳು. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಲೋಹದ ಉದ್ದನೆಯ ಕೊಳವೆಯನ್ನು ಚಿಮಣಿಯ ತೂತಿಗೆ ತೂರಿಸಿದರೆ ಅವಳ ಕೈಯಲ್ಲಿದ್ದ ಯಂತ್ರ ರಬ್ಬರ್ ನಳಿಗೆಯಿಂದ ಹೊಗೆ ಎಳೆದುಕೊಳ್ಳುತ್ತಿತ್ತು; ಉರಿಗೆ ಬಳಕೆಯಾಗದೆ ಉಳಿದ ಆಮ್ಲಜನಕ ಎಷ್ಟೆಂದು ತೋರಿಸುತ್ತಿತ್ತು. ಅಂದು ಹದಿನಾಲ್ಕು ಪರ್ಸೆಂಟ್ ತೋರಿಸಿತು.

"ಗಾಳಿ ಜಾಸ್ತಿ ಬಿಡ್ತಿದ್ದೀರಿ. ಶಾಖವೆಲ್ಲ ಚಿಮಣಿಯಿಂದ ಹೋಗ್ತದೆ. ಡ್ಯಾಂಪರ್ ಕಡಿಮೆ ಮಾಡ್ಬೇಕು."

ನಾಗಪತಿ ಒಲೆಯ ಕಿಂಡಿ ತೆರೆದ. "ಇಲ್ನೋಡು ತಂಗಿ. ಗಾಳಿ ಜಾಸ್ತಿ ಆದ್ರೆ ಬೆಂಕಿ ಗಿಡ್ಡ ಆಗ್ತದೆ, ಬೆಳ್ಳಗಾಗ್ತದೆ, ಬುಸುಗುಡ್ತದೆ. ಇದು ಸರಿಯಾಗೇ ಅದೆ."

"ಕಣ್ಣಿಗೆ ಕಂಡದ್ದನ್ನ ರಿಪೋರ್ಟಿನಲ್ಲಿ ಬರೀಲಿಕ್ಕೆ ಆಗ್ತದಾ?"

ಮ್ಯಾನೇಜರ್ ಗಾಳಿಯ ದಾರಿಯ ತಗಡಾದ ಡ್ಯಾಂಪರನ್ನು ಅರ್ಧ ಮುಚ್ಚಿಸಿದ. ಚಿಮಣಿ ಕಪ್ಪು ಹೊಗೆ ಕಾರಿತು. ಉರಿಗೆ ಹಾಕಿದ ಗೇರುಸಿಪ್ಪೆ ಹಸಿಯಾಗಿರಬೇಕು ಎಂದು ಮ್ಯಾನೇಜರ್ ಹೇಳಿದ. ನಾಗಪತಿ ಡ್ಯಾಂಪರನ್ನು ಮೊದಲಿನಂತೆ ತೆರೆದ. ಮೂರನೆಯ ಸಲ ತೆರೆದಾಗ ಅವನನ್ನು ಗೇಟಿಗೆ ಹಾಕಿದರು.

"ಕಲಿತ ಹುಡುಗಿ ಯಂತ್ರ ಇಟ್ಟು ಹೇಳಿದ್ದು," ಎಂದು ಅಂದು ಊಟಕ್ಕೆ ಬಡಿಸುತ್ತ ಮಹಾಲಕ್ಷ್ಮಿ ಹೇಳಿದ್ದಳು. "ಯಂತ್ರಕ್ಕೆ ನಿಮ್ಮ ಮೇಲೆ ಎಂತ ದ್ವೇಷ? ತಪ್ಪಾತು ಹೇಳಿ ಮುಗಿಸಿ."

ನಾಗಪತಿ ಅನ್ನ ಅರ್ಧಕ್ಕೆ ಬಿಟ್ಟು ಎದ್ದ. ಆಮೇಲೆ ಮನೆಯಲ್ಲಿ ಅವನು ಬಾಯ್ಲರಿನ ಮಾತೆತ್ತಲಿಲ್ಲ.

* * *

ಗಂಡಸರು ಹೆಣ ಹೊತ್ತು ಹೋಗಿ ಅರ್ಧ ಗಂಟೆಯಾಗಿತ್ತು. ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಸ್ಕೂಟರ್ ನಿಲ್ಲಿಸಿ ಹೆಗಲಿಗೆ ಚೀಲ ಹಾಕಿಕೊಂಡು ಬಂದ ಹುಡುಗಿಯನ್ನು ಕಂಡು ಹೆಂಗಸರು ಜಾಗ ಬಿಟ್ಟರು.

"ನಾನು ಪವಿತ್ರಾ. ಜನವರಿಯಲ್ಲಿ ಕಾರ್ಖಾನೆಗೆ ಬಂದು..."

"ಗೊತ್ತಾತು," ಎಂದಳು ಮಹಾಲಕ್ಷ್ಮಿ.

"ಅವರ ಹತ್ರ ಮಾತಾಡ್ಬೇಕು ಅಂತ ಇವತ್ತು ಗೇಟಿಗೆ ಹೋದೆ. ಅಲ್ಲಿ ಹೇಳಿದ್ರು." ಪವಿತ್ರಾ ಜಗಲಿಯ ಅಂಚಿನಲ್ಲಿ ಕುಳಿತಳು. "ಮೊನ್ನೆ ಭಟ್ಕಳದಲ್ಲಿ ಬೇಕರಿ ಒಲೆ ನೋಡಿದೆ, ಹದಿನಾಲ್ಕು ಬಂತು. ಕಾಸರಕೋಡಿನಲ್ಲಿ ಮೀನುಪುಡಿ ಕಾರ್ಖಾನೆ, ಅಲ್ಲೂ ಹದಿನಾಲ್ಕರ ಹತ್ರವೇ. ಅಷ್ಟು ಬೇರೆ ಬೇರೆ ಬೆಂಕಿ ಒಂದೇ ಲೆಕ್ಕ ಕೊಡೂದಿಲ್ಲ."

"ಒಂದು ಹೊಟ್ಟೇಲಿ ಹುಟ್ಟಿದ ಮಕ್ಕಳೇ ಒಂದು ನಮೂನೆ ಇರೂದಿಲ್ಲ," ಎಂದಳು ನಾಗಿ.

"ಸೆನ್ಸರ್ ಬದಲಿಸಿದೆ. ಫಿಲ್ಟರ್ ಬದಲಿಸಿದೆ. ಒಳಗೆ ನಿಂತ ನೀರು ಬಸಿದೆ. ಎಲ್ಲ ಆದ್ಮೇಲೆ ನಳಿಗೆ ನೋಡಿದೆ. ಹಿಡಿಕೆಯ ಕೆಳಗೆ ಸೀಳಿತ್ತು. ಎರಡು ಬೇಸಿಗೆ ಸ್ಕೂಟರ್ ಡಿಕ್ಕಿಯಲ್ಲಿ ಸುತ್ತಿಟ್ಟಿದ್ದೆ. ಆ ಸೀಳಿನಿಂದ ಹೊರಗಿನ ಗಾಳಿ ಸೇರ್ತಿತ್ತು. ನಾನು ಅಳೆದದ್ದು ಅದನ್ನ."

"ನಿನ್ನ ಆಫೀಸಿನವ್ರು ಎಂತ ಹೇಳಿದ್ರು?" ಎಂದಳು ಮಹಾಲಕ್ಷ್ಮಿ.

"ಸುಮ್ನಿರು ಅಂದ್ರು. ಅದೇ ನಳಿಗೆ ಇಟ್ಟು ಇಪ್ಪತ್ತು ರಿಪೋರ್ಟ್ ಕೊಟ್ಟಾಗಿದೆ."

"ಇದು ಖರೆ ಅಂತ ನಂಗೆ ಹೇಂಗೆ ಗೊತ್ತಾಗ್ಬೇಕು?" ಎಂದು ಮಹಾಲಕ್ಷ್ಮಿ ಕೇಳಿದಳು. "ಅವತ್ತೂ ನೀ ಹೇಳಿದ್ದನ್ನೇ ನಂಬಿದ್ದು ನಾನು."

ಪವಿತ್ರಾ ಚೀಲ ಬಿಚ್ಚಿದಳು.

"ಹೆಣ ಎತ್ತಿದ ಅಂಗಳದಲ್ಲಿ ಎಂತ ಯಂತ್ರವೇ ಮಾರಾಯ್ತಿ?" ಎಂದಳು ನಾಗಿ.

"ಇರ್ಲಿ ಅತ್ತೆ," ಎಂದು ಮಹಾಲಕ್ಷ್ಮಿ ಹತ್ತಿರ ಸರಿದಳು.

ಪವಿತ್ರಾ ಮೊದಲು ಹಳೆಯ ನಳಿಗೆ ಜೋಡಿಸಿ ಗುಂಡಿ ಒತ್ತಿದಳು. ಒಳಗಿನ ಪಂಪು ಸಣ್ಣಗೆ ಗುಂಯ್‌ಗುಟ್ಟಿತು. "ಕೊಳವೆಯ ಬಾಯಿ ಬೆರಳಲ್ಲಿ ಮುಚ್ಚಿ ಅಮ್ಮ. ಗಟ್ಟಿಯಾಗಿ."

ಮಹಾಲಕ್ಷ್ಮಿ ಮುಚ್ಚಿದಳು. ಪಂಪಿನ ಸದ್ದು ಬದಲಾಗಲಿಲ್ಲ.

"ಬಾಯಿ ಕಟ್ಟಿದ್ರೂ ಉಸಿರಾಡ್ತಾ ಅದಲ್ಲೇ ಇದು!" ನಾಗಿ ಬಗ್ಗಿ ನೋಡಿದಳು.

"ಬೇರೆ ಕಡೆಯಿಂದ ಎಳಿತಾ ಅದೆ. ನಾನು ಪ್ರತಿ ಸಲ ಹೀಗೆ ಮುಚ್ಚಿ ನೋಡ್ಬೇಕಿತ್ತು. ಯಂತ್ರ ಶುರುವಾಗುವಾಗ ಓಕೆ ಅಂತ ತೋರಿಸ್ತದೆ. ಅಷ್ಟೇ ನೋಡಿದೆ."

ಹೊಸ ನಳಿಗೆ ಜೋಡಿಸಿದಳು. ಮಹಾಲಕ್ಷ್ಮಿ ಮತ್ತೆ ಬೆರಳಿಟ್ಟಳು. ಸದ್ದು ದಪ್ಪವಾಯಿತು, ತಡವರಿಸಿತು. ಕೊಳವೆ ಬೆರಳಿನ ಚರ್ಮವನ್ನು ಒಳಕ್ಕೆ ಎಳೆಯತೊಡಗಿತು. ಎರಡು ಸಲ ಬೀಪ್ ಎಂದು ಪಂಪು ನಿಂತುಹೋಯಿತು.

"ಹಾಂಗಾದ್ರೆ ಅವ್ರು ಕಂಡದ್ದು ಸರಿ."

"ಸರಿ. ನಾಳೆ ಬರೆದು ಸಹಿ ಹಾಕಿ ಮ್ಯಾನೇಜರಿಗೆ ಕೊಡ್ತೇನೆ. ಕೆಲಸ ಹೋದ್ರೆ ಹೋಗ್ಲಿ."

"ಉಮೇಶ ಬಂದ ಕೂಡ್ಲೆ ಹೇಳಿ ಅತ್ತೆ," ಎಂದಳು ಮಹಾಲಕ್ಷ್ಮಿ. "ಬಾಯ್ಲರ್ ಅಂತ್ಲೇ ಹಾಕ್ಸೂಕೆ."

"ಆತು. ಏಳು ಈಗ. ಅವ್ರು ಬರೂದ್ರೊಳಗೆ ಮೀಯೂದು ಬೇಡ್ವಾ?"

ಬಾವಿಕಟ್ಟೆಯ ಬಳಿ ನಾಗಿ ಕೊಡದಿಂದ ನೀರು ಹೊಯ್ದಳು. ಮಹಾಲಕ್ಷ್ಮಿಯ ತೋರುಬೆರಳ ತುದಿಯಲ್ಲಿ ಕೊಳವೆಯ ಬಾಯಿ ಎಳೆದ ದುಂಡನೆಯ ಗುರುತು ಬಿಳಿಚಿಕೊಂಡಿದ್ದುದು ನಿಧಾನವಾಗಿ ಕೆಂಪಾಗುತ್ತಿತ್ತು. ಎರಡನೆಯ ಕೊಡ, ಮೂರನೆಯ ಕೊಡ. ತಲೆಯಿಂದ ಕಾಲಿನವರೆಗೂ ನೆನೆದು ನಿಂತವಳು ಆ ಒಂದು ಕೈಯನ್ನು ಮಾತ್ರ ನೀರು ತಾಗದಷ್ಟು ದೂರಕ್ಕೆ ಚಾಚಿ ಹಿಡಿದಿದ್ದಳು.